ವೋಟಿನ ಜೀನ್ ಸಿಕ್ಕಿದ್ದು ಸುದ್ದಿಯಾಯಿತು, ಕೈಕೊಟ್ಟಿದ್ದು ಆಗಲಿಲ್ಲ

ಮಾನ್ಯ ಸಂಪಾದಕರೇ,

ಚುನಾವಣೆ ಹತ್ತಿರ ಬಂದಾಗಲೆಲ್ಲ ಒಂದು ಹಳೇ ಸುದ್ದಿ ವಾಟ್ಸಾಪ್‌ನಲ್ಲಿ ಮತ್ತೆ ಓಡಾಡಲು ಶುರುವಾಗುತ್ತದೆ. ವೋಟು ಹಾಕುವುದು, ಹಾಕದೆ ಮನೆಯಲ್ಲಿ ಕೂರುವುದು ಎರಡೂ ನಮ್ಮ ಡಿಎನ್‌ಎಯಲ್ಲೇ ಇದೆಯಂತೆ, ಅಮೆರಿಕದ ವಿಜ್ಞಾನಿಗಳು ಪತ್ತೆ ಮಾಡಿದ್ದಾರಂತೆ. ನಮ್ಮ ಸ್ಟಾಫ್ ರೂಮಿನಲ್ಲಿ ರಾಜ್ಯಶಾಸ್ತ್ರದ ಮೇಷ್ಟ್ರು ಇದನ್ನು ತೋರಿಸಿ, "ಮೇಡಂ, ನಿಮ್ಮ ಸಬ್ಜೆಕ್ಟು ನಮ್ಮ ಸಬ್ಜೆಕ್ಟನ್ನ ನುಂಗ್ತಾ ಇದೆ" ಅಂತ ರೇಗಿಸುತ್ತಾರೆ. ನಾನು ಪಿಯು ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುವವಳು. ಸರ್ಕಾರಿ ಕೆಲಸದಲ್ಲಿರುವ ಎಲ್ಲರ ಹಾಗೆ ಎಲೆಕ್ಷನ್ ಡ್ಯೂಟಿಯೂ ಮಾಡಿದ್ದೇನೆ. ಈ ಸುದ್ದಿಯ ಅರ್ಧ ಕಥೆ ಮಾತ್ರ ಕನ್ನಡಕ್ಕೆ ಬಂದಿದೆ ಅನ್ನಿಸಿ ಬರೆಯುತ್ತಿದ್ದೇನೆ. ಉದ್ದವಾಯಿತು ಅನ್ನಿಸಿದರೆ ಧಾರಾಳವಾಗಿ ಕತ್ತರಿ ಹಾಕಿ.

ಸುದ್ದಿ ಸುಳ್ಳಲ್ಲ. 2008ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕ್ಯಾಂಪಸ್ಸಿನ ಜೇಮ್ಸ್ ಫೌಲರ್ ಮತ್ತು ಸಂಗಡಿಗರು ಲಾಸ್ ಏಂಜಲೀಸ್‌ನ ಅವಳಿಗಳನ್ನು ಹಿಡಿದು ಲೆಕ್ಕ ಹಾಕಿದರು. ಅಲ್ಲಿ ಯಾರಿಗೆ ವೋಟು ಹಾಕಿದರು ಅನ್ನುವುದು ಗುಟ್ಟು, ಆದರೆ ಹಾಕಿದರೋ ಇಲ್ಲವೋ ಅನ್ನುವುದು ಸರ್ಕಾರಿ ದಾಖಲೆ, ಸಂಶೋಧಕರು ಪಡೆದು ನೋಡಬಹುದು. ಒಂದೇ ಮೊಟ್ಟೆಯಿಂದ ಹುಟ್ಟಿದ ತದ್ರೂಪಿ ಅವಳಿಗಳ ಡಿಎನ್‌ಎ ಪೂರ್ತಿ ಒಂದೇ. ಬೇರೆ ಬೇರೆ ಮೊಟ್ಟೆಯ ಅವಳಿಗಳು ಮಾಮೂಲಿ ಅಣ್ಣತಮ್ಮಂದಿರ ಹಾಗೆ, ಸುಮಾರು ಅರ್ಧ ಹಂಚಿಕೊಂಡಿರುತ್ತಾರೆ. ವೋಟಿನ ವಿಷಯದಲ್ಲಿ ತದ್ರೂಪಿಗಳ ನಡುವೆ ಹೋಲಿಕೆ ಜಾಸ್ತಿ ಕಂಡಿತು. ಅದರಿಂದ ಅವರು ಹೇಳಿದ್ದು, ಮತದಾನದಲ್ಲಿ ಜನರ ನಡುವೆ ಇರುವ ವ್ಯತ್ಯಾಸದಲ್ಲಿ ಶೇ. 53ರಷ್ಟು ಜೀನ್‌ಗಳಿಂದ ಬಂದದ್ದು ಅಂತ.

ಈ 53 ಇದೆಯಲ್ಲ, ಎಲ್ಲ ಎಡವಟ್ಟೂ ಇಲ್ಲಿಂದಲೇ. ನಿಮ್ಮ ವೋಟಿನಲ್ಲಿ ಅರ್ಧ ನೀವು ಹಾಕಿದ್ದು, ಅರ್ಧ ನಿಮ್ಮ ಜೀನ್ ಹಾಕಿದ್ದು ಅಂತ ಅದರ ಅರ್ಥ ಅಲ್ಲ. ಆ ಊರು, ಆ ಕಾಲ, ಆ ಜನರ ನಡುವಿನ ಹೆಚ್ಚುಕಡಿಮೆ ಎಲ್ಲಿಂದ ಬಂತು ಅನ್ನುವ ಅಂದಾಜು ಅಷ್ಟೇ. ನೀರು ಗೊಬ್ಬರ ಒಂದೇ ಸಮ ಇರುವ ಹೊಲದಲ್ಲಿ ರಾಗಿ ಪೈರು ಏರುಪೇರಾಗಿ ಬೆಳೆದಿದ್ದರೆ ಬಿತ್ತನೆ ಬೀಜ ಬೆರಕೆ ಅನ್ನಬಹುದು. ಪಕ್ಕದ ಹೊಲ ಪೂರ್ತಿ ಬಾಡಿ ನಿಂತಿದ್ದರೆ ಬೀಜವನ್ನು ಬೈದು ಪ್ರಯೋಜನ ಇಲ್ಲ, ಅಲ್ವಾ. ಇನ್ನೊಂದು ಮಾತು. ತದ್ರೂಪಿಗಳನ್ನೂ ಬೇರೆ ಅವಳಿಗಳನ್ನೂ ಮನೆ, ಶಾಲೆ, ಊರು ಒಂದೇ ರೀತಿ ನಡೆಸಿಕೊಳ್ಳುತ್ತವೆ ಅಂತ ಈ ಲೆಕ್ಕ ಒಪ್ಪಿಕೊಂಡು ಹೊರಡುತ್ತದೆ. ತದ್ರೂಪಿ ಅವಳಿಗಳು ಎಷ್ಟೋ ಸಲ ಒಂದೇ ಬಟ್ಟೆ, ಒಂದೇ ಗೆಳೆಯರ ಗುಂಪು ಅಂತ ಬೆಳೆಯುವುದನ್ನು ನಾವೆಲ್ಲ ನೋಡಿದ್ದೇವೆ. ವೋಟು ಹಾಕಲೂ ಜೊತೆಗೇ ಹೋಗಿರಬಹುದು.

ಅದೇ ವರ್ಷ ಫೌಲರ್ ಮತ್ತು ಕ್ರಿಸ್ಟೋಫರ್ ಡಾಸ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಎರಡು ಜೀನ್‌ಗಳ ಹೆಸರನ್ನೇ ಹೇಳಿಬಿಟ್ಟರು. ಒಂದು ಎಂಎಒಎ. ಮೆದುಳಿನಲ್ಲಿ ಸೆರೊಟೋನಿನ್, ಡೋಪಮಿನ್‌ನಂಥ ರಾಸಾಯನಿಕಗಳನ್ನು ಒಡೆದುಹಾಕುವ ಕಿಣ್ವವನ್ನು ಮಾಡುವ ಜೀನ್ ಇದು. ಇನ್ನೊಂದು 5ಎಚ್‌ಟಿಟಿ. ನರಕೋಶದಿಂದ ಹೊರಬಿದ್ದ ಸೆರೊಟೋನಿನ್ ಅನ್ನು ಮತ್ತೆ ಒಳಗೆ ಎಳೆದುಕೊಳ್ಳುವ ಪ್ರೋಟೀನಿನ ಜೀನ್. ಈ ಜೀನ್‌ಗಳ ಮುಂದೆ ಒಂದು ಸ್ವಿಚ್ಚಿನ ಜಾಗ ಇರುತ್ತದೆ. ಅದು ಕೆಲವರಲ್ಲಿ ಉದ್ದ, ಕೆಲವರಲ್ಲಿ ಗಿಡ್ಡ. ಪಿಸಿಆರ್‌ನಿಂದ ಆ ತುಣುಕಿನ ನಕಲುಗಳನ್ನು ಮಾಡಿ ಜೆಲ್ ಮೇಲೆ ಓಡಿಸಿದರೆ ಯಾರದು ಯಾವುದು ಅಂತ ಗೆರೆಗಳಲ್ಲಿ ಕಾಣುತ್ತದೆ, ಲ್ಯಾಬಿನವರಿಗೆ ಅದೇನು ಮಹಾ ಕೆಲಸ ಅಲ್ಲ. ಎಂಎಒಎ ಚುರುಕಾಗಿರುವವರು 2000ದ ಅಧ್ಯಕ್ಷೀಯ ಚುನಾವಣೆಯಲ್ಲಿ ಹೆಚ್ಚು ವೋಟು ಹಾಕಿದ್ದರಂತೆ. 5ಎಚ್‌ಟಿಟಿ ಉದ್ದ ಇದ್ದು ಜೊತೆಗೆ ಚರ್ಚಿಗೂ ಹೋಗುವವರು ಹೆಚ್ಚು ವೋಟು ಹಾಕಿದ್ದರಂತೆ. ನೋಡಿದ್ದು ಸುಮಾರು 2,300 ಮಂದಿಯನ್ನು.

ಜೀನ್ ಒಂದೇ ಇದ್ದರೂ ಚರ್ಚಿಗೆ ಹೋಗದವರಲ್ಲಿ ಆ ನಂಟು ಇಲ್ಲ ಅಂದಮೇಲೆ ಸುದ್ದಿ ಜೀನಿನದೋ ಚರ್ಚಿನದೋ? ಆಗ ಯಾರೂ ಇದನ್ನು ಕೇಳಿದ ಹಾಗೆ ಕಾಣಲಿಲ್ಲ.

ನಮಗೆ ತಲುಪದೇ ಹೋದ ಅರ್ಧ ಇನ್ನು ಮುಂದಿದೆ. 2012ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಇವಾನ್ ಚಾರ್ನಿ ಮತ್ತು ಅವರ ಜೊತೆಗಾರ ವಿಲಿಯಂ ಇಂಗ್ಲಿಷ್ ಈ ಎರಡು ಜೀನ್‌ಗಳ ಲೆಕ್ಕವನ್ನು ಬಿಚ್ಚಿ ನೋಡಿದರು, ಇದು ನಿಲ್ಲುವುದಿಲ್ಲ ಅಂತ ವಾದ ಮಾಡಿದರು. ಮರುವರ್ಷ ಫೌಲರ್ ಮತ್ತು ಡಾಸ್ ಉತ್ತರ ಕೊಟ್ಟರು. ಬರೀ ಬಾಯಿಮಾತಿನ ಉತ್ತರ ಅಲ್ಲ, ಬೇರೆ 9,300 ಮಂದಿಯ ಮೇಲೆ ಅದೇ ಪರೀಕ್ಷೆ ಮತ್ತೆ ಮಾಡಿದರು. 5ಎಚ್‌ಟಿಟಿ ಮತ್ತು ಚರ್ಚಿನ ಜೋಡಿ ಮತ್ತೆ ಕಂಡಿತು. ಎಂಎಒಎಗೂ ವೋಟಿಗೂ ನಂಟು ಕಾಣಲಿಲ್ಲ. ತಮ್ಮದೇ ಫಲಿತಾಂಶ ಮತ್ತೆ ಬರಲಿಲ್ಲ ಅಂತ ತಾವೇ ಅಚ್ಚು ಹಾಕಿಸಿದರು. ಅವರ ತೀರ್ಮಾನಗಳನ್ನು ನಾನು ಒಪ್ಪುವುದಿಲ್ಲ, ಆದರೆ ಈ ಪ್ರಾಮಾಣಿಕತೆಗೆ ಕೈಮುಗಿಯುತ್ತೇನೆ. ನಮ್ಮ ವಾಟ್ಸಾಪ್ ಸಂದೇಶದಲ್ಲಿ ಮಾತ್ರ ಎಂಎಒಎ ಇವತ್ತಿಗೂ ವೋಟಿನ ಜೀನ್ ಆಗಿಯೇ ಉಳಿದಿದೆ.

ಇದು ರಾಜಕೀಯ ಓದುವವರ ತಪ್ಪು ಮಾತ್ರ ಅನ್ನಲಾರೆ, ಆ ಕಾಲದಲ್ಲಿ ಜೀವಶಾಸ್ತ್ರದವರೂ ಹೀಗೇ ಮಾಡುತ್ತಿದ್ದರು. ಒಂದು ಗುಣ ಹಿಡಿ, ಹೆಸರು ಕೇಳಿದ ಒಂದು ಜೀನ್ ಹಿಡಿ, ಎರಡಕ್ಕೂ ಗಂಟು ಹಾಕು. ಖಿನ್ನತೆಗೂ 5ಎಚ್‌ಟಿಟಿಗೂ ನಂಟಿದೆ ಅಂತ ವರ್ಷಗಟ್ಟಲೆ ಪೇಪರುಗಳು ಬಂದವು. 2019ರಲ್ಲಿ ಅಂಥ 18 ಪ್ರಸಿದ್ಧ ಜೀನ್‌ಗಳನ್ನು ಲಕ್ಷಗಟ್ಟಲೆ ಜನರ ಮಾಹಿತಿಯಲ್ಲಿ ಪರೀಕ್ಷೆ ಮಾಡಿದಾಗ, ಯಾದೃಚ್ಛಿಕವಾಗಿ ಆರಿಸಿದ ಬೇರೆ ಜೀನ್‌ಗಳಿಗಿಂತ ಅವು ಏನೂ ಮೇಲಲ್ಲ ಅಂತ ಗೊತ್ತಾಯಿತು. ಮನುಷ್ಯರ ನಡವಳಿಕೆಯಲ್ಲಿ ಒಂದು ಜೀನ್, ಒಂದು ಗುಣ ಅನ್ನುವ ಲೆಕ್ಕ ನಡೆಯುವುದಿಲ್ಲ. ಸಾವಿರಾರು ಕಡೆ ಚೂರು ಚೂರು ಪರಿಣಾಮ, ಅಷ್ಟೇ. (ಇದೇ ಸಾಲಿನ ಇನ್ನೊಂದು ತಮಾಷೆ: ವ್ಯಕ್ತಿತ್ವಕ್ಕೂ ರಾಜಕೀಯ ನಿಲುವಿಗೂ ಜೀನ್ ಮೂಲಕ ಇರುವ ನಂಟಿನ ಬಗ್ಗೆ 2012ರಲ್ಲಿ ಬಂದ ಒಂದು ಪೇಪರಿನಲ್ಲಿ ಎಡಪಂಥ, ಬಲಪಂಥಕ್ಕೆ ಕೊಟ್ಟ ಅಂಕಿಗಳೇ ತಿರುಗುಮುರುಗಾಗಿದ್ದವು. ತಿದ್ದುಪಡಿ ಬಂದಿದ್ದು 2016ರಲ್ಲಿ. ಅಷ್ಟು ದಿನ ಯಾರನ್ನು ಬೈಯಬೇಕಿತ್ತೋ ಅವರ ಎದುರಿನವರನ್ನು ಬೈದದ್ದಾಯಿತು.)

ಈಗಿನ ಕೆಲಸ ಆಗಿನದಕ್ಕಿಂತ ಎಷ್ಟೋ ವಾಸಿ. 2021ರಲ್ಲಿ ಅಮೆರಿಕ ಮತ್ತು ಸ್ವೀಡನ್‌ನ ಮಾಹಿತಿ ಇಟ್ಟುಕೊಂಡು ಇದೇ ಡಾಸ್ ಮತ್ತು ಇತರರು, ಜಾಸ್ತಿ ಓದುವುದಕ್ಕೆ ನಂಟಿರುವ ಆ ಸಾವಿರಾರು ಚೂರುಗಳನ್ನು ಕೂಡಿಸಿ ಪ್ರತಿಯೊಬ್ಬರಿಗೂ ಒಂದು ಅಂಕ ಕೊಟ್ಟರು. ಅಂಕ ಜಾಸ್ತಿ ಇದ್ದವರು ವೋಟು ಹಾಕಿದ್ದೂ ಸ್ವಲ್ಪ ಜಾಸ್ತಿ. ಅದರಲ್ಲೂ ಜನ ಅಷ್ಟಾಗಿ ತಲೆ ಕೆಡಿಸಿಕೊಳ್ಳದ ಚುನಾವಣೆಗಳಲ್ಲಿ, ಅಂದರೆ ಅಮೆರಿಕದಲ್ಲಿ ಅಧ್ಯಕ್ಷರ ಅವಧಿಯ ನಡುವೆ ನಡೆಯುವ ಸಂಸತ್ತಿನ ಚುನಾವಣೆ, ಯುರೋಪಿಯನ್ ಪಾರ್ಲಿಮೆಂಟಿನ ಚುನಾವಣೆ ಇಂಥವುಗಳಲ್ಲಿ ನಂಟು ಹೆಚ್ಚು ಕಂಡಿತು.

ಈಗ ಇದನ್ನೇ ನಮ್ಮ ರಾಜ್ಯಕ್ಕೆ ತನ್ನಿ. ಆ ದೇಶಗಳಲ್ಲಿ ಓದಿದವರು ಹೆಚ್ಚು ವೋಟು ಹಾಕುತ್ತಾರೆ. ನಮ್ಮಲ್ಲಿ ಆ ನಿಯಮವೇ ನಡೆಯುವುದಿಲ್ಲ. 2024ರ ಲೋಕಸಭೆ ಚುನಾವಣೆಯಲ್ಲಿ ಮಂಡ್ಯದಲ್ಲಿ ಶೇ. 81 ದಾಟಿತು, ಬೆಂಗಳೂರು ದಕ್ಷಿಣದಲ್ಲಿ ಶೇ. 53 ಚಿಲ್ಲರೆ. ಕಾಲೇಜು, ಕಂಪನಿ, ಡಿಗ್ರಿ ಯಾವ ಕಡೆ ಜಾಸ್ತಿ ಅಂತ ನಾನು ಹೇಳಬೇಕಿಲ್ಲ. ಅಮೆರಿಕದಲ್ಲಿ ವೋಟಿನ ಕಡೆಗೆ ತಳ್ಳುವ ಅದೇ ಡಿಎನ್‌ಎ ಅಂಕ ಇಲ್ಲಿ ಯಾವ ಕಡೆಗೂ ತಳ್ಳದೇ ಇರಬಹುದು, ಉಲ್ಟಾ ಕೂಡ ತಳ್ಳಬಹುದು. ಜೀನ್ ಸೀದಾ ಬೂತಿಗೆ ಹೋಗುವುದಿಲ್ಲ. ಶಾಲೆ, ಕೆಲಸ, ಬೀದಿ, ಮನೆ ಇವೆಲ್ಲದರ ಮೂಲಕ ಸುತ್ತಿ ಬಳಸಿ ಹೋಗುತ್ತದೆ, ದಾರಿ ಬೇರೆಯಾದರೆ ತಲುಪುವ ಜಾಗವೂ ಬೇರೆ. ಬೆಂಗಳೂರಿನವರನ್ನು ಸೋಮಾರಿಗಳು ಅಂತ ಬೈಯುವುದಕ್ಕೂ ಮುಂಚೆ ಒಂದು ಮಾತು: ನಗರದ ಪಟ್ಟಿಗಳಲ್ಲಿ ಮನೆ ಬಿಟ್ಟು ಹೋದವರ ಹೆಸರು, ಎರಡೆರಡು ಕಡೆ ಇರುವ ಹೆಸರು ಉಳಿದುಕೊಂಡಿರುತ್ತವೆ. ಭಾಗಿಸುವ ಸಂಖ್ಯೆಯೇ ಊದಿಕೊಂಡಿದ್ದರೆ ಶೇಕಡಾವಾರು ತಾನಾಗಿ ಇಳಿಯುತ್ತದೆ.

ಪಟ್ಟಿ ಅಂದಾಗ ನೆನಪಾಯಿತು. 1951-52ರ ಮೊದಲ ಮಹಾ ಚುನಾವಣೆಯಲ್ಲಿ ಸುಮಾರು 28 ಲಕ್ಷ ಹೆಂಗಸರ ಹೆಸರನ್ನು ಪಟ್ಟಿಯಿಂದ ಕೈಬಿಟ್ಟಿದ್ದರು. ಅವರು ಸ್ವಂತ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಅಂತಷ್ಟೇ ಬರೆಸಿದ್ದರು. 1962ರಲ್ಲಿ ಗಂಡಸರಲ್ಲಿ ನೂರಕ್ಕೆ 63 ಮಂದಿ ವೋಟು ಹಾಕಿದರೆ ಹೆಂಗಸರಲ್ಲಿ 47ಕ್ಕೂ ಕಡಿಮೆ. 2019ಕ್ಕೆ ಬನ್ನಿ, ಇಬ್ಬರೂ 67, ಹೆಂಗಸರೇ ಕೂದಲೆಳೆಯಷ್ಟು ಮುಂದೆ. ಎಂಎಒಎ ಇರುವುದು ಎಕ್ಸ್ ಕ್ರೋಮೋಸೋಮಿನ ಮೇಲೆ, ಗಂಡಸರಿಗೆ ಒಂದು ಪ್ರತಿ, ಹೆಂಗಸರಿಗೆ ಎರಡು. ಹಾಗಾಗಿ 1962ರ ಅಂತರವನ್ನು ಆಗ ಯಾರಾದರೂ ಲ್ಯಾಬಿಗೆ ತಂದಿದ್ದರೆ ಒಂದು ಚೆಂದದ ಜೀನ್ ಕಥೆ ಖಂಡಿತ ಹುಟ್ಟುತ್ತಿತ್ತು! 57 ವರ್ಷದಲ್ಲಿ ಒಂದು ದೇಶದ ಡಿಎನ್‌ಎ ಬದಲಾಗುವುದಿಲ್ಲ. ಹದಿನಾರು ಹದಿನೇಳು ಅಂಶದ ಅಂತರ ಮಾತ್ರ ಮಾಯವಾಯಿತು.

ಹಾಗಾದರೆ ಯಾವುದು ಬದಲಾಯಿಸುತ್ತದೆ? ಇದಕ್ಕೆ ಉತ್ತರ ಕೊಟ್ಟ ಸಂಶೋಧನೆಯೂ 2008ರದ್ದೇ. ಅವಳಿಗಳ ಪೇಪರ್ ಬಂದ ಅಮೆರಿಕನ್ ಪೊಲಿಟಿಕಲ್ ಸೈನ್ಸ್ ರಿವ್ಯೂ ಪತ್ರಿಕೆಯ ಹಿಂದಿನ ಸಂಚಿಕೆಯಲ್ಲೇ ಇತ್ತು. ಆಲನ್ ಗರ್ಬರ್, ಡೊನಾಲ್ಡ್ ಗ್ರೀನ್, ಕ್ರಿಸ್ಟೋಫರ್ ಲಾರಿಮರ್ ಎಂಬ ಮೂವರು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 2006ರ ಪ್ರೈಮರಿ (ಪಕ್ಷದ ಅಭ್ಯರ್ಥಿಗಳನ್ನು ಆರಿಸುವ) ಚುನಾವಣೆಗೆ ಮುಂಚೆ 1 ಲಕ್ಷ 80 ಸಾವಿರ ಮನೆಗಳನ್ನು ಆರಿಸಿಕೊಂಡು ಲಾಟರಿ ಎತ್ತಿದ ಹಾಗೆ ಗುಂಪು ಮಾಡಿದರು. ಕೆಲವರಿಗೆ ವೋಟು ನಿಮ್ಮ ಕರ್ತವ್ಯ ಅನ್ನುವ ಪತ್ರ. ಇನ್ನು ಕೆಲವರಿಗೆ, ಹಿಂದಿನ ಚುನಾವಣೆಯಲ್ಲಿ ನೀವೂ ನಿಮ್ಮ ಅಕ್ಕಪಕ್ಕದ ಮನೆಯವರೂ ವೋಟು ಹಾಕಿದ್ದಿರೋ ಇಲ್ಲವೋ ಅನ್ನುವ ಪಟ್ಟಿ, ಜೊತೆಗೆ ಈ ಸಲವೂ ಇಂಥ ಪಟ್ಟಿ ಕಳಿಸುತ್ತೇವೆ ಅನ್ನುವ ಮಾತು. ಪತ್ರವೇ ಹೋಗದವರಲ್ಲಿ ಶೇ. 29.7 ಮತದಾನ. ಪಕ್ಕದ ಮನೆಯವರ ಪಟ್ಟಿ ಸಿಕ್ಕವರಲ್ಲಿ ಶೇ. 37.8. ಒಂದು ಹಾಳೆ ಕಾಗದ ಎಂಟು ಅಂಶ ಎತ್ತಿಬಿಟ್ಟಿತು! ಈ ಪ್ರಯೋಗದ ಬಗ್ಗೆ ನಮ್ಮ ಸ್ಟಾಫ್ ರೂಮಿಗೆ ಒಂದೂ ಫಾರ್ವರ್ಡ್ ಬಂದಿಲ್ಲ ನೋಡಿ.

ಅಂಥ ಪಟ್ಟಿ ನಮ್ಮಲ್ಲಿ ಸಾಧ್ಯವಿಲ್ಲ, ಬೇಡವೂ ಬೇಡ. ಯಾರು ಬಂದು ಸಹಿ ಹಾಕಿದರು ಅನ್ನುವ 17ಎ ರಿಜಿಸ್ಟರನ್ನು ನಾವು ಸೀಲ್ ಮಾಡಿ ಒಪ್ಪಿಸಿ ಬರುತ್ತೇವೆ. ಆದರೆ ಬೂತಿನಲ್ಲಿ ಕೂತು ನೋಡಿದವರಿಗೆ ಗೊತ್ತು, ಪಕ್ಷದ ಏಜೆಂಟರು ತಮ್ಮ ಪಟ್ಟಿಯಲ್ಲಿ ಬಂದವರಿಗೆಲ್ಲ ಟಿಕ್ ಹಾಕುತ್ತಾ ಹೋಗುತ್ತಾರೆ. ಮಧ್ಯಾಹ್ನದ ಬಿಸಿಲಿಳಿದ ಮೇಲೆ ಹುಡುಗರು ಟಿಕ್ ಬೀಳದ ಮನೆಗಳಿಗೆ ಹೋಗಿ "ಏನಕ್ಕಾ, ಇನ್ನೂ ಬಂದಿಲ್ಲ?" ಅಂತ ಕೇಳುತ್ತಾರೆ. ಅಕ್ಕ ಬರುತ್ತಾಳೆ. ಹಳ್ಳಿಯ ಬೂತಿನಲ್ಲಿ ಇದು ನಡೆಯುತ್ತದೆ, ಇಪ್ಪತ್ತು ಮಹಡಿಯ ಅಪಾರ್ಟ್‌ಮೆಂಟಿನಲ್ಲಿ ಗೇಟು ದಾಟುವುದೇ ಕಷ್ಟ. ಮತದಾನಕ್ಕೂ ಲ್ಯಾಬಿಗೂ ಖಚಿತವಾದ ನಂಟು ತೋರಿಸಿ ಅಂದರೆ ನಾನು ಸಿಲ್ವರ್ ನೈಟ್ರೇಟ್ ತೋರಿಸುತ್ತೇನೆ, 1962ರಿಂದ ಮೈಸೂರಿನ ಬಣ್ಣದ ಕಾರ್ಖಾನೆ ಮಾಡಿಕೊಡುತ್ತಿರುವ ಶಾಯಿಯಲ್ಲಿ ಇರುವುದು ಅದೇ.

ನನಗೆ ನಿಜವಾಗಿ ಅಂಜಿಕೆ ಇರುವುದು ಬೇರೆ ಕಡೆ. ರಕ್ತದಲ್ಲೇ ಬಂದಿದೆ ಅನ್ನುವ ಮಾತು ನಮ್ಮ ದೇಶದಲ್ಲಿ ಸುಮ್ಮನೆ ಆಡುವ ಮಾತಲ್ಲ. ಜಾತಿಯ ಬಗ್ಗೆ ಅದನ್ನು ಎಷ್ಟು ಕಾಲದಿಂದ ಆಡಿಕೊಂಡು ಬಂದಿದ್ದೇವೆ, ಎಷ್ಟು ಜನರನ್ನು ಅದರ ಮೇಲೆ ಹೊರಗಿಟ್ಟಿದ್ದೇವೆ ಅಂತ ಎಲ್ಲರಿಗೂ ಗೊತ್ತು. ಇಂಥ ಕಡೆ ಇಂಥವರಿಗೆ ಆಳುವ ಜೀನ್ ಇದೆ, ಇವರಿಗೆ ವೋಟಿನ ಅರಿವಿನ ಜೀನ್ ಇಲ್ಲ ಅಂತ ಶುರುವಾಗಲು ಎಷ್ಟು ಹೊತ್ತು ಬೇಕು? ಬೆಂಗಳೂರಿನ ಐಐಎಸ್‌ಸಿಯ ಮೆದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ಜೀನೋಮ್ ಇಂಡಿಯಾ ಯೋಜನೆ ಸುಮಾರು 10 ಸಾವಿರ ಭಾರತೀಯರ ಪೂರ್ತಿ ಜೀನೋಮ್, ಅಂದರೆ ಇಡೀ ಡಿಎನ್‌ಎ, ಓದಿದೆ, 2025ರ ಜನವರಿಯಲ್ಲಿ ಆ ಮಾಹಿತಿಯನ್ನು ಸಂಶೋಧಕರಿಗೆ ತೆರೆದಿದ್ದಾರೆ. ಕಾಯಿಲೆ ಮತ್ತು ಔಷಧಿಗೆ ಅದು ಬೇಕೇ ಬೇಕು, ನನಗೆ ಅದರ ಮೇಲೆ ಹೆಮ್ಮೆಯೂ ಇದೆ. ಫೌಲರ್ ಮತ್ತು ಡಾಸ್ ಬಳಸಿದ ಡಿಎನ್‌ಎ ಮಾಹಿತಿಯೂ 1994ರಲ್ಲಿ ಹದಿಹರೆಯದವರ ಆರೋಗ್ಯಕ್ಕೆ ಅಂತ ಶುರುವಾದ ಸಮೀಕ್ಷೆಯದ್ದೇ. ಆರೋಗ್ಯಕ್ಕೆ ಕೊಟ್ಟ ಮಾದರಿ ನಾಳೆ ರಾಜಕೀಯ ಅಳೆಯಲು ಬಳಕೆಯಾದರೆ ಕೊಟ್ಟವರನ್ನು ಮತ್ತೆ ಕೇಳಬೇಕು. ಆ ಮಾತುಕತೆ ಈಗಲೇ ಆಗಲಿ, ರಾಜಕೀಯ ಓದಿದವರೂ ಜೀವಶಾಸ್ತ್ರದವರೂ ಒಂದೇ ಮೇಜಿನ ಸುತ್ತ ಕೂತು ಆಗಲಿ. ಎರಡು ಶಾಸ್ತ್ರ ಸೇರುವುದಕ್ಕೆ ನನ್ನ ತಕರಾರು ಇಲ್ಲವೇ ಇಲ್ಲ.

ತಮ್ಮಲ್ಲಿ ಕೇಳುವುದು ಇಷ್ಟು. ಇಂಥ ಜೀನ್ ಸುದ್ದಿ ಹಾಕುವಾಗ ಎಷ್ಟು ಜನರನ್ನು ನೋಡಿದ್ದು, ಯಾವ ದೇಶದವರು, ಬೇರೆಯವರು ಮತ್ತೆ ಮಾಡಿದಾಗಲೂ ಹಾಗೇ ಬಂತಾ ಅಂತ ಒಂದು ಸಾಲು ಸೇರಿಸಿ. ಮತ್ತೆ ಮಾಡಿದಾಗ ಬರದಿದ್ದರೆ ಅದನ್ನೂ ಮೊದಲ ಸುದ್ದಿ ಹಾಕಿದಷ್ಟೇ ದೊಡ್ಡದಾಗಿ ಹಾಕಿ. ಜೊತೆಗೆ ಮನೆ ಬದಲಾಯಿಸಿದವರು ಫಾರಂ 8, ಹೊಸಬರು ಫಾರಂ 6 ತುಂಬಬೇಕು, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಕಿಗೆ 18 ತುಂಬುವ ಮಕ್ಕಳು ಈಗ ಇಡೀ ವರ್ಷ ಕಾಯಬೇಕಿಲ್ಲ, 17 ದಾಟಿದವರು ಮುಂಚಿತವಾಗಿಯೇ ಅರ್ಜಿ ಹಾಕಬಹುದು ಅನ್ನುವುದನ್ನು ಸಿನಿಮಾ ಪುಟದ ಮೂಲೆಯಲ್ಲಾದರೂ ಆಗಾಗ ಹಾಕುತ್ತಿರಿ. ನನ್ನ ಸೆಕೆಂಡ್ ಪಿಯು ಮಕ್ಕಳು ಮೊದಲು ತಿರುಗಿಸುವುದು ಆ ಪುಟವನ್ನೇ.

ಇಂತಿ,
ಜೀವಶಾಸ್ತ್ರದ ಉಪನ್ಯಾಸಕಿ,
ಹಾಸನ ಜಿಲ್ಲೆ