ಆ ಹಳದಿ ಜರ್ಸಿ ಹುಡುಗಿ ಯಾವೂರಿನವಳು?

ಮಂಡ್ಯ
25 ಮೇ 2025, ಭಾನುವಾರ

ಪುಟ್ಟಿ,

ಗುರುವಾರ ನೀನು ಬ್ಯಾಗ್ ತಗೊಂಡು ಹೋದ ಮೇಲೆ ಮೂರು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಬೆಂಗಳೂರಿಗೆ, ಚಿಕ್ಕಮ್ಮನ ಮನೆಗೆ ತಲುಪಿದ್ದೀಯ ಅಂತ ನಿಮ್ಮಮ್ಮನಿಗೆ ಮೆಸೇಜ್ ಬಂತು, ಅಷ್ಟು ಸಾಕು. ಫೋನಿನಲ್ಲಿ ನನಗೆ ದನಿ ಏರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಅವತ್ತು ಏನೇನು ಮಾತಾಯಿತು ಅನ್ನುವುದು ಇಬ್ಬರಿಗೂ ಗೊತ್ತು. ಮತ್ತೆ ಬೇಡ.

ನಿನ್ನೆ ರಾತ್ರಿ ಫೈನಲ್ ನೋಡಿದೆ. ಹೌದು, ನಾನೇ. ಒಂಬತ್ತೂವರೆಗೆ ನಿನ್ನ ತಮ್ಮ ಫೋನಿನಲ್ಲಿ ಹಾಕಿಕೊಟ್ಟು ಮಲಗಿಬಿಟ್ಟ. ಯೂರೋಪಿನ ಹೆಂಗಸರ ಕ್ಲಬ್ ಫುಟ್‌ಬಾಲ್, ಲಿಸ್ಬನ್‌ನಲ್ಲಿ ಆರ್ಸೆನಲ್, ಬಾರ್ಸಿಲೋನಾ. ನಿನ್ನ ರೂಮಿನ ಗೋಡೆಯ ದಯೆಯಿಂದ ಬಾರ್ಸಿಲೋನಾದ ಅಲೆಕ್ಸಿಯಾ, ಐತಾನಾ ಇಬ್ಬರ ಮುಖವೂ ನನಗೆ ಪರಿಚಯ. ಬಾರ್ಸಿಲೋನಾಗೆ ಇದು ಸತತ ಐದನೇ ಫೈನಲ್, ಹಿಂದಿನ ಎರಡು ವರ್ಷವೂ ಕಪ್ ಅವರದೇ. ಆರ್ಸೆನಲ್ ಇದನ್ನು ಗೆದ್ದಿದ್ದು 2007ರಲ್ಲಿ, ನೀನಾಗ ಕೈಗೂಸು.

ನೋಡಿದೆ ಅಂದೆನಲ್ಲ, ನಿಜ ಹೇಳಬೇಕೆಂದರೆ ನೋಡಿದ್ದು ಬರೀ ಮಂಡಿಗಳನ್ನು. ಯಾರಾದರೂ ಓಡುತ್ತಾ ಗಕ್ಕನೆ ತಿರುಗಿದರೆ ನನ್ನ ಕೈ ಮಂಚದ ಪಟ್ಟಿ ಹಿಡಿಯುತ್ತಿತ್ತು.

ಆ ಸದ್ದು ಕಣೇ. ಜನವರಿಯಲ್ಲಿ ನಿನ್ನ ಮ್ಯಾಚಿನ ದಿನ ನಾನು ಗೆರೆಯ ಪಕ್ಕದಲ್ಲೇ ಕಡಲೇಕಾಯಿ ಬಿಡಿಸುತ್ತಾ ನಿಂತಿದ್ದೆ. ನೀನು ಬಲಕ್ಕೆ ಹೋಗುವ ಹಾಗೆ ಮಾಡಿ ಎಡಕ್ಕೆ ತಿರುಗಿದೆ. ಲಟಕ್ ಅಂತು. ಹಸಿ ಕಬ್ಬನ್ನು ಮಂಡಿಗೆ ಕೊಟ್ಟು ಮುರಿದರೆ ಬರುತ್ತದಲ್ಲ, ಅದೇ ಸದ್ದು. ಮೂವತ್ತು ವರ್ಷದಿಂದ ಗಾಣದ ಮುಂದೆ ಇರುವವನು ನಾನು, ನನಗೆ ಬೇರೆ ಹೋಲಿಕೆ ಬರುವುದಿಲ್ಲ. ಈಗ ಆಲೆಮನೆಯಲ್ಲಿ ಯಾರಾದರೂ ತಿನ್ನೋಕೆ ಅಂತ ಒಂದು ಜಲ್ಲೆ ಮುರಿದರೂ ಎದ್ದು ಹೊರಗೆ ಬರುತ್ತೇನೆ. ಬೀಡಿ ಸೇದೋಕೆ ಹೋದೆ ಅಂದುಕೊಳ್ಳುತ್ತಾರೆ. ಬೀಡಿ ಬಿಟ್ಟು ಎಂಟು ವರ್ಷವಾಯಿತು. ಅವತ್ತಿನ ಕಡಲೇಕಾಯಿ ಸಿಪ್ಪೆ ಪ್ಯಾಂಟಿನ ಜೇಬಿನಲ್ಲೇ ಉಳಿದಿತ್ತು. ನಿಮ್ಮಮ್ಮ ಒಗೆಯುವಾಗ ತೆಗೆದು ಬೈದಳು.

ಯಾರೂ ನಿನ್ನನ್ನು ಮುಟ್ಟಿರಲಿಲ್ಲ. ಅದು ನನಗೆ ಆಗಲೇ ಗೊತ್ತಿತ್ತು. ಆದರೂ ಒಳಗೆ ನುಗ್ಗಿ ಆ ಹಳದಿ ಜರ್ಸಿ ಹುಡುಗಿಯ ಮೇಲೆ ಕೂಗಾಡಿದೆ. ಹದಿನಾರಿರಬಹುದು ಅವಳಿಗೆ. "ಅಂಕಲ್, ನಾನೇನೂ ಮಾಡಿಲ್ಲ" ಅಂತ ಅತ್ತಳು. ನೀನು ಬಿದ್ದಲ್ಲಿಂದಲೇ "ಅಪ್ಪಾ, ಅವಳನ್ನ ಬಿಡು" ಅಂದೆ. ಇದನ್ನು ನಾವಿಬ್ಬರೂ ಒಂದು ಸಲವೂ ಮಾತಾಡಿಲ್ಲ, ಅಲ್ವಾ? ಎ.ಸಿ.ಎಲ್. ಅಂದರೆ ಮಂಡಿಯೊಳಗಿನ ಆ ಕಟ್ಟು ಹರಿಯೋಕೆ ಯಾರೂ ಗುದ್ದಬೇಕಾಗಿಲ್ಲ, ಓಡುತ್ತಾ ದಿಕ್ಕು ಬದಲಿಸಿದರೂ ಸಾಕು, ಹೆಣ್ಣುಮಕ್ಕಳಲ್ಲಿ ಇದು ಗಂಡುಹುಡುಗರಿಗಿಂತ ಜಾಸ್ತಿ ಅಂತ ಡಾಕ್ಟರು ಹೇಳುವಾಗ ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತಿದ್ದೆ.

ಆಟಕ್ಕೆ ಬರುತ್ತೇನೆ. 67ನೇ ನಿಮಿಷದಲ್ಲಿ ಆರ್ಸೆನಲ್ ಕಡೆಯಿಂದ ಇಬ್ಬರು ಒಟ್ಟಿಗೆ ಇಳಿದರು, ಬೆತ್ ಮೀಡ್ ಮತ್ತು ಸ್ಟೀನಾ ಬ್ಲ್ಯಾಕ್‌ಸ್ಟೇನಿಯಸ್. ಮೀಡ್ ಕಥೆ ನೀನೇ ಆಸ್ಪತ್ರೆಯಲ್ಲಿ ಹೇಳಿದ್ದು. 2022ರ ಯೂರೋದಲ್ಲಿ, ಅಂದರೆ ಯೂರೋಪಿನ ದೇಶಗಳ ಕಪ್‌ನಲ್ಲಿ, ಹೆಚ್ಚು ಗೋಲಿಗೆ ಕೊಡುವ ಗೋಲ್ಡನ್ ಬೂಟ್ ತಗೊಂಡವಳು, ಅದೇ ನವೆಂಬರ್‌ನಲ್ಲಿ ಮಂಡಿ ಹೋಯಿತು, ಜನವರಿಯಲ್ಲಿ ಅಮ್ಮನೂ ತೀರಿಕೊಂಡರು ಅಂತ. ನಾನು "ನಮಗ್ಯಾಕೆ ಅವರ ಕಥೆ, ಊಟ ಮಾಡು" ಅಂದಿದ್ದೆ. ನಿನ್ನೆ ನೋಡಿದರೆ ಡಿಫೆನ್ಸ್‌ನಲ್ಲಿದ್ದ ವಿಲಿಯಮ್ಸನ್‌ದೂ 2023ರಲ್ಲಿ ಅದೇ ಗಾಯ, ಆ ಕಡೆ ಅಲೆಕ್ಸಿಯಾದೂ ಅದೇ. 74ನೇ ನಿಮಿಷ. ಮೀಡ್ ಸಣ್ಣದೊಂದು ಪಾಸ್ ತಳ್ಳಿದಳು, ಬ್ಲ್ಯಾಕ್‌ಸ್ಟೇನಿಯಸ್ ಹೊಡೆದಳು. 1-0. ಕೊನೆಗೆ ಉಳಿದಿದ್ದೂ ಅದೊಂದೇ ಗೋಲು. ಎಲ್ಲರೂ ಚೆಂಡು ಬಲೆಗೆ ಬಿದ್ದಿದ್ದು ನೋಡಿರುತ್ತಾರೆ. ನಾನು ಮೀಡ್ ಕಾಲು ಸರಿಯಾಗಿ ಊರಿದಳಾ ಅಂತ ನೋಡಿದೆ.

ಹಾಗಂತ ಜುಲೈಗೇ ಇಳಿಯುತ್ತೇನೆ ಅನ್ನುವುದು ಬೇಡ. ಆಪರೇಷನ್ ಆಗಿದ್ದು ಫೆಬ್ರವರಿಯಲ್ಲಿ, ಡಾಕ್ಟರು ಹೇಳಿದ್ದು ಒಂಬತ್ತು ತಿಂಗಳು. ಬೆರಳು ಮಡಿಸಿ ಎಣಿಸು, ನವೆಂಬರ್ ಬರುತ್ತದೆ. ಮೀಡ್‌ಗೇ ಹೆಚ್ಚುಕಡಿಮೆ ಹನ್ನೊಂದು ತಿಂಗಳು ಹಿಡಿಯಿತು. ಎರಡೂ ತೊಡೆಯ ಬಲ ಸಮ ಆಗಬೇಕಂತೆ. ಮೆಟ್ಟಿಲು ಎರಡೆರಡು ಹಾರಬೇಡ. ಬೆಳಿಗ್ಗೆ ಮೊಟ್ಟೆ ತಿನ್ನು, ಆ ನೂಡಲ್ಸ್ ಬಿಡು. ಬಿ.ಕಾಂ. ಪೇಪರ್ ಒಂದು ಬಾಕಿ ಇದೆ, ಆಡುವವರಿಗೆ ಬ್ಯಾಲೆನ್ಸ್ ಶೀಟ್ ಯಾಕೆ ಅನ್ನಬೇಡ. ನಿನ್ನೆಯೇ ಚೀನಾದ ವುಹಾನ್‌ನಲ್ಲಿ ಏಷ್ಯಾದ ಹೆಂಗಸರ ಕ್ಲಬ್ ಫೈನಲ್ ಕೂಡ ಆಯಿತು. ಆ ಊರಿನವರು ಮೆಲ್ಬರ್ನ್ ಸಿಟಿಯನ್ನು ಪೆನಾಲ್ಟಿಯಲ್ಲಿ ಸೋಲಿಸಿದರು. ನಮ್ಮ ದೇಶದಿಂದ ಹೋಗಿದ್ದ ಒಡಿಶಾ ಕ್ಲಬ್ ಗುಂಪಿನ ಹಂತದಲ್ಲಿ ಮೂರಕ್ಕೆ ಮೂರೂ ಸೋತಿತ್ತು. ಇಲ್ಲಿ ಆಡಿ ಬದುಕುವ ದಾರಿ ಇನ್ನೂ ಕಿರಿದು, ಅದಕ್ಕೆ ಹೇಳಿದೆ. ನೋಡು, ಭಾಷಣ ಬೇಡ ಅಂತಲೇ ಪೆನ್ನು ಹಿಡಿದಿದ್ದೆ.

ಗುರುವಾರದ ಮಾತು ಬೇಡ ಅಂದೆ, ಆದರೆ ಒಂದು ಹೇಳಬೇಕು. "ಕುಂಟುವ ಹುಡುಗೀನ ಯಾರು ಮಾಡ್ಕೋತಾರೆ" ಅಂದೆನಲ್ಲ. ಸುಮ್ನೆ ಬಾಯಿತಪ್ಪಿ ಬಂತು ಅಂದರೆ ಸುಳ್ಳಾಗುತ್ತದೆ. ತಲೆಯಲ್ಲಿ ಇತ್ತು. ನಿಮ್ಮಜ್ಜಿ ದಿನಾ ಹೇಳಿ ಹೇಳಿ ಕೂತುಬಿಟ್ಟಿತ್ತು. ನಿನಗೆ ಅನ್ನಬಾರದಿತ್ತು. ತಪ್ಪಾಯಿತು.

ಮೊನ್ನೆ ಬೆಲ್ಲದ ವ್ಯಾಪಾರಿ ಬಂದಿದ್ದ. ನಮ್ಮ ಹುಡುಗಿ ಸ್ಟೇಟ್ ಆಡಿದ್ದಾಳೆ ಅಂದೆ. ನೀನು ಆಡಿದ್ದು ಜಿಲ್ಲೆ. ಗೊತ್ತು. ತಿದ್ದಲಿಲ್ಲ.

ಫಿಜಿಯೋ ದುಡ್ಡು ನಾಳೆ ಚಿಕ್ಕಮ್ಮನ ಖಾತೆಗೆ ಹಾಕುತ್ತೇನೆ. ನೀನು ಒಂದು ಕೆಲಸ ಮಾಡು. ಆ ಹಳದಿ ಜರ್ಸಿ ಹುಡುಗಿ ಯಾವೂರಿನವಳು ಅಂತ ನಿಮ್ಮ ಕೋಚ್ ಹತ್ತಿರ ಕೇಳಿ ತಿಳಿಸು. ಈ ಸಲದ ಬೆಲ್ಲ ಒಳ್ಳೇ ಬಣ್ಣ ಬಂದಿದೆ. ಹತ್ತು ಅಚ್ಚು ಕಟ್ಟಿಸಿಕೊಂಡು ನಾನೇ ಹೋಗಿ ಕೊಟ್ಟು ಬರುತ್ತೇನೆ. ನೀನೂ ಜೊತೆಗೆ ಬಂದರೆ ವಾಸಿ. ನನ್ನೊಬ್ಬನನ್ನೇ ನೋಡಿದರೆ ಆ ಮಗು ಹೆದರಿಕೊಂಡೀತು.

ನಿನ್ನ ಅಪ್ಪ