ಯುಗಾದಿ ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ತಾಯಿಗೆ

ನಿಮ್ಮ ಹೆಸರು ಕೇಳಲಿಲ್ಲ. ಯುಗಾದಿಯ ದಿನ ನೆಂಟರ ಮನೆಯಲ್ಲಿ ಊಟಕ್ಕೆ ನನ್ನ ಎಡಕ್ಕೆ ಕೂತಿದ್ದಿರಿ. ಹಲ್ಲುಸೆಟ್ಟು ಹಾಕಿಸಿ ನನಗಾಗ ಎರಡೇ ತಿಂಗಳು. ಎಲೆ ತುಂಬ ಬಡಿಸಿದ್ದರೂ ಸಾರನ್ನ ಬಿಟ್ಟು ಬೇರೆಯದಕ್ಕೆ ಕೈ ಹೋಗುತ್ತಿರಲಿಲ್ಲ. ಆಸೆಯಿಂದ ಹೋಳಿಗೆ ಕಚ್ಚಿದೆ. ಮೇಲಿನ ಸೆಟ್ಟು ಕಳಚಿಕೊಂಡಿತು. ಕಣ್ಣು ತುಂಬಿ ಬಂತು.

ನೀವು ಯಾರಿಗೂ ಕೇಳಿಸದ ಹಾಗೆ ಬಾಗಿ ಹೇಳಿದಿರಿ: "ಮುಂದಿನ ಹಲ್ಲಲ್ಲಿ ಕಚ್ಚಬೇಡಿ ಅಮ್ಮಾ, ಮೇಲಿನ ಸೆಟ್ಟು ಹಿಂದುಗಡೆ ಬಿಟ್ಟು ಕೆಳಕ್ಕೆ ಬರುತ್ತೆ. ಕೈಯಲ್ಲೇ ಚೂರು ಮಾಡಿ, ಎರಡೂ ಕಡೆ ಹಾಕಿ ನಿಧಾನಕ್ಕೆ ಅಗೀರಿ. ನನಗೂ ಕಟ್ಟಿಸಿದ್ದೇ."

ಆಮೇಲೆ ನನ್ನ ಹೋಳಿಗೆಗೆ ಹಾಲು, ತುಪ್ಪ ಹಾಕಿಸಿ ನೆನೆಯಲು ಬಿಟ್ಟಿರಿ. ಚಿತ್ರಾನ್ನದ ಕಡಲೆಕಾಯಿ ಬೀಜ ಪಕ್ಕಕ್ಕೆ ಸರಿಸಿದಿರಿ, ಅದರ ಚೂರು ಸೆಟ್ಟಿನಡಿ ಸೇರಿದರೆ ವಸಡು ಉರಿಯುತ್ತದೆಂದು. ಅಂಗುಳ ಮುಚ್ಚಿರುವುದರಿಂದ ಬಿಸಿ ಬೇಗ ತಿಳಿಯುವುದಿಲ್ಲ, ಸಾರನ್ನು ಮೊದಲು ತುಟಿಗೆ ತಾಗಿಸಿ ನೋಡಿ ಎಂದಿರಿ. ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಊಟವಾದ ಮೇಲೆ ಹಿತ್ತಲ ನಲ್ಲಿಯ ಹತ್ತಿರ ಕರೆದೊಯ್ದು, ಕೆಳಗೆ ನೀರಿನ ಬಕೆಟ್ ಇಟ್ಟು, ಕೈಜಾರಿದರೂ ಒಡೆಯದಂತೆ ತೊಳೆಯುವುದನ್ನು ತೋರಿಸಿದಿರಿ. ಕುದಿನೀರು ಹಾಕಿದರೆ ಆಕಾರ ಕೆಡುತ್ತದೆ, ರಾತ್ರಿ ತಣ್ಣೀರಲ್ಲಿ ಮುಳುಗಿಸಿಡಿ ಎಂದಿರಿ. ಹುಣ್ಣಾದ ಜಾಗಕ್ಕೆ ಮನೆಯಲ್ಲಿ ಅರ ಹಾಕಿ ಉಜ್ಜದೆ ಡಾಕ್ಟರ ಹತ್ತಿರ ಹೋಗಿ ಎಂದೂ ಹೇಳಿದಿರಿ. ಹೋದೆ. ಒಂದು ಅಂಚು ತೇಯ್ದು ಕೊಟ್ಟರು, ನೋವು ಹೋಯಿತು.

ಈ ದೀಪಾವಳಿಗೆ ಮೊಮ್ಮಕ್ಕಳ ಜೊತೆ ಕೂತು ಕಜ್ಜಾಯ ತಿಂದೆ, ಚೂರು ಚೂರು ಮಾಡಿಕೊಂಡು. ನಿಮ್ಮನ್ನೇ ನೆನೆಸಿಕೊಂಡೆ ತಾಯಿ. ನಿಮ್ಮ ಹೊಟ್ಟೆ ತಣ್ಣಗಿರಲಿ.