ಹಳೆಯ ರೈಲು ಸುರಂಗಗಳು ಪಾಳುಬೀಳದಿರಲಿ

ಮಾನ್ಯ ಸಂಪಾದಕರೇ,

ಕಳೆದ ಬೇಸಿಗೆಯಲ್ಲಿ ಮಗಳ ಮನೆಗೆಂದು ಅಮೆರಿಕದ ಸಿಯಾಟಲ್‌ಗೆ ಹೋಗಿದ್ದಾಗ, ಅಲ್ಲಿಂದ ಗಂಟೆಯ ದಾರಿಯಲ್ಲಿರುವ ಸ್ನೋಕ್ವಾಲ್ಮಿ ರೈಲು ಸುರಂಗವನ್ನು ಈ ತುದಿಯಿಂದ ಆ ತುದಿಯವರೆಗೆ ನಡೆದು ನೋಡಿದೆ. ಕ್ಯಾಸ್ಕೇಡ್ ಬೆಟ್ಟಸಾಲಿನ ಹಿಮದ ಕಾಟ ತಪ್ಪಿಸಲು ಮಿಲ್ವಾಕೀ ರೋಡ್ ಎಂಬ ರೈಲು ಕಂಪನಿಯವರು ಕೊರೆಸಿ, 1915ರಲ್ಲಿ ಬಳಕೆಗೆ ತಂದ ಈ ಸುರಂಗದ ಉದ್ದ ಸುಮಾರು 3.6 ಕಿ.ಮೀ. 1980ರಲ್ಲಿ ರೈಲು ನಿಂತ ಮೇಲೆ, ಆ ಮಾರ್ಗದ ಜಾಗ ತುಂಡುತುಂಡಾಗಿ ಯಾರ್ಯಾರದೋ ಪಾಲಾಗುವ ಮೊದಲೇ ವಾಷಿಂಗ್ಟನ್ ರಾಜ್ಯ ಸರ್ಕಾರ ಅದರ ಬಹುಭಾಗವನ್ನು ಕೊಂಡು, ನಡೆಯುವವರಿಗೂ ಸೈಕಲ್ ಸವಾರರಿಗೂ 400 ಕಿ.ಮೀ.ಗಿಂತ ಉದ್ದದ ಹಾದಿಯನ್ನಾಗಿಸಿತು. ಸುರಂಗ ಜನರಿಗೆ ತೆರೆದದ್ದು 1994ರಲ್ಲಿ.

ಒಳಗೆ ದೀಪಗಳಿಲ್ಲ. ಹೊರಗೆ ಸುಡುಬಿಸಿಲಿದ್ದರೂ ಒಳಗೆ ಸ್ವೆಟರ್ ಬೇಕೇಬೇಕು. ಸುರಂಗ ನೇರವಾಗಿರುವುದರಿಂದ ಆಚೆ ಬದಿಯ ಬೆಳಕು ಸೂಜಿಮೊನೆಯಷ್ಟು ಕಾಣುತ್ತಿತ್ತು. ಅರ್ಧ ಗಂಟೆ ನಡೆದರೂ ಅದು ದೊಡ್ಡದಾದಂತೆ ಅನ್ನಿಸಲಿಲ್ಲ. ಟಾರ್ಚಿನ ಬೆಳಕಿನಲ್ಲಿ ಕಂಡದ್ದು ಒದ್ದೆ ಕಾಂಕ್ರೀಟು ಗೋಡೆ, ಕೇಳಿಸಿದ್ದು ನೀರಿನ ತೊಟ್ಟು ಮತ್ತು ಜಲ್ಲಿಯ ಮೇಲೆ ನನ್ನದೇ ಹೆಜ್ಜೆ ಸದ್ದು. ಮಂಜುಗಡ್ಡೆಯ ಅಪಾಯದಿಂದಾಗಿ ಚಳಿಗಾಲದುದ್ದಕ್ಕೂ ಇದರ ಬಾಗಿಲು ಹಾಕಿರುತ್ತಾರೆ. ಮೇಲ್ಛಾವಣಿ ಸಡಿಲಗೊಂಡಾಗ 2009ರಲ್ಲಿ ಮುಚ್ಚಿ, ದುರಸ್ತಿ ಮಾಡಿ, 2011ರಲ್ಲಿ ಮತ್ತೆ ತೆರೆದರಂತೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಈ ಕಾಳಜಿ.

ಆ ಕತ್ತಲಲ್ಲಿ ನೆನಪಾದದ್ದು ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟಮಾರ್ಗ. 1979ರಲ್ಲಿ ಆರಂಭವಾದ, 57 ಸುರಂಗಗಳ ಈ ಮೀಟರ್‌ಗೇಜ್ ಮಾರ್ಗ 1996ರಲ್ಲಿ ಬ್ರಾಡ್‌ಗೇಜ್ ಪರಿವರ್ತನೆಗಾಗಿ ನಿಂತಾಗ, ನನ್ನಂತಹ ಎಷ್ಟೋ ಮಂದಿ ಎಡಕುಮೇರಿ ನಿಲ್ದಾಣದವರೆಗೆ ಹಳಿಗುಂಟ ನಡೆದಿದ್ದೆವು. ಸುರಂಗದೊಳಗೆ ಬಾವಲಿಗಳು ರಪ್ಪನೆ ಮುಖದ ಬಳಿ ಹಾರಿದ್ದು ಇಂದಿಗೂ ನೆನಪಿದೆ. ಈಗ ಅಲ್ಲಿ ಮತ್ತೆ ರೈಲು ಓಡುತ್ತಿದೆ, ಓಡಲೇಬೇಕು. ಆದರೆ ನಡೆಯುವ ಆಸೆ ಜನರಲ್ಲಿ ಆರಿಲ್ಲವಾದ್ದರಿಂದ, ನಿಷೇಧವಿದ್ದರೂ ಹಳಿಯ ಮೇಲೆ ಚಾರಣಕ್ಕೆ ಇಳಿಯುವವರು ಇದ್ದೇ ಇದ್ದಾರೆ, ಅದು ಪ್ರಾಣಾಪಾಯದ ಕೆಲಸ.

ಆದ್ದರಿಂದ ನನ್ನ ವಿನಂತಿ ಇಷ್ಟೆ: ಮಾರ್ಗ ಬದಲಾವಣೆಯಿಂದಲೋ ಜೋಡಿಹಳಿ ಕಾಮಗಾರಿಯಿಂದಲೋ ನಮ್ಮಲ್ಲಿ ಯಾವುದೇ ಹಳೆಯ ಸುರಂಗ, ಸೇತುವೆ ಬಳಕೆಯಿಂದ ಹೊರಗುಳಿದರೆ, ರೈಲ್ವೆ ಇಲಾಖೆ ಹಳಿ ಕಿತ್ತು ಕೈತೊಳೆದುಕೊಳ್ಳದೆ, ಆ ಜಾಗವನ್ನು ಒತ್ತುವರಿಗೆ ಮುನ್ನವೇ ರಾಜ್ಯದ ಅರಣ್ಯ ಅಥವಾ ಪ್ರವಾಸೋದ್ಯಮ ಇಲಾಖೆಗೆ ಇಡಿಯಾಗಿ ಒಪ್ಪಿಸಲಿ. ಮಳೆಗಾಲದಲ್ಲಿ ಮುಚ್ಚಲು ಒಂದು ಗೇಟು, ವರ್ಷಕ್ಕೊಮ್ಮೆ ಛಾವಣಿಯ ತಪಾಸಣೆಗೆ ಒಬ್ಬ ಎಂಜಿನಿಯರ್, ಇವೆರಡನ್ನಾದರೂ ಮೊದಲ ದಿನದಿಂದಲೇ ಗೊತ್ತುಮಾಡಲಿ.

– ಒಬ್ಬ ಓದುಗ, ಹಾಸನ